ಇಟ್ ಅಂದ್ರ ಯಾರು

"ಇಟ್ ಅಂದ್ರ ಯಾರು?" ಎಂದು ಕುತುಬೋದ್ದೀನ ಉಸ್ತಾದರು ಕೇಳಿದರು.

ಮನ್ಮಥಪ್ಪ ವ್ಯಾಕರಣದ ಪುಸ್ತಕದಿಂದ ತಲೆ ಎತ್ತಲಿಲ್ಲ. "ಯಾರೂ ಅಲ್ರಿ ಉಸ್ತಾದ್. ಇಂಗ್ಲೀಷಿನಾಗ ಹಂಗೇ ಅಂತಾರ."

"ಯಾರೂ ಅಲ್ದವ ಹುಕುಂ ಹ್ಯಾಂಗ ಮಾಡ್ತಾನ? ಹೆಸರು ಹೇಳು ಅವಂದು."

"ಹೆಸರಿಲ್ರಿ ಅವಗ."

"ಹೆಸರಿಲ್ದವರು ಇರ್ತಾರೇನು ದುನಿಯಾದಾಗ?" ಎನ್ನುತ್ತಿದ್ದಂತೆ ಉಸ್ತಾದರ ಬಲಗೈ ಪಕ್ಕದಲ್ಲಿ ಬೆತ್ತವನ್ನು ತಡಕಾಡಿತು. ಬೆತ್ತ ಅಲ್ಲಿರಲಿಲ್ಲ. ಪಾಠಕ್ಕೆ ಕೂಡುವ ಮೊದಲೇ ಮನ್ಮಥಪ್ಪ ಅದನ್ನೆತ್ತಿ ಒಳಗೆ ಬಾಗಿಲ ಹಿಂದೆ ಇಟ್ಟು ಬರುತ್ತಿದ್ದ.

ಅವನಿಗೆ ಆ ಬೆತ್ತದ ಪರಿಚಯ ಹಳೆಯದು. ಇದೇ ಭಾಲ್ಕಿಯಲ್ಲಿ, ಉಸ್ತಾದರ ಮನೆಯ ಇದೇ ಕಟ್ಟೆಯ ಮೇಲೆ ಕೂತು ಅವನು ಚಿಕ್ಕಂದಿನಲ್ಲಿ ಉಸ್ತಾದರಿಂದ ಅಲಿಫ್ ಬೇ ಕಲಿತಿದ್ದ. ನಿಜಾಮರ ಕಾಲದಲ್ಲಿ ಶಾಲೆ ಎಂದರೆ ಉರ್ದು ಶಾಲೆ. ಮನೆಯಲ್ಲಿ ಬಸವಣ್ಣನವರ ವಚನ ಹೇಳುವ ಹುಡುಗ ಶಾಲೆಯಲ್ಲಿ ಗಾದಿಯ ಮೇಲೆ ಕೂತ ಉಸ್ತಾದರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ. ಆಮೇಲೆ ಸೋಲಾಪುರದ ಸೋದರಮಾವನ ಮನೆಯಲ್ಲಿದ್ದು ಮ್ಯಾಟ್ರಿಕ್ ಮಾಡಿಕೊಂಡು ಬಂದು, ಉಸ್ತಾದರ ಶಾಲೆಯಲ್ಲೇ ಮಾಸ್ತರನಾದ. ಈಗ ಶಿಷ್ಯ ಗುರುವಾಗಿದ್ದ, ಗುರು ಶಿಷ್ಯರಾಗಿದ್ದರು. ಆದರೆ ಹೊಡೆಯುವ ಹಕ್ಕು ಮಾತ್ರ ಇನ್ನೂ ಉಸ್ತಾದರ ಕಡೆಗೇ ಇತ್ತು.

ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ಆಳಿಕೆ ಮುಗಿದು ಅದು ಎರಡನೆಯ ಚಳಿಗಾಲ. ಶಾಲೆಗಳಲ್ಲಿ ಉರ್ದು ಹಿಂದೆ ಸರಿದು ಕನ್ನಡ, ಮರಾಠಿ ಮುಂದೆ ಬಂದಿದ್ದವು. ಉರ್ದು ಮಾಸ್ತರರಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ನೋಡಲು ಮದ್ರಾಸ್ ಕಡೆಯಿಂದ ಬಂದ ಸಾಹೇಬರೊಬ್ಬರು ತಾಲೂಕುಗಳನ್ನು ತಿರುಗುತ್ತಿದ್ದರು. ಅವರಿಗೆ ಉರ್ದು ಬಾರದು, ಬೀದರಿನ ಕನ್ನಡ ತಿಳಿಯದು. ಹಾಗಾಗಿ ಮಾಸ್ತರರು ನಾಲ್ಕು ಮಾತನ್ನಾದರೂ ಇಂಗ್ಲಿಷಿನಲ್ಲಿ ಆಡಿ ತೋರಿಸಬೇಕು. ಔರಾದದ ಇಬ್ಬರು ಮೌಲ್ವಿಗಳು ಸಾಹೇಬರ ಮುಂದೆ ಬಾಯಿಯೇ ಬಿಡದೆ ಬೆವರು ಒರೆಸಿಕೊಂಡು ಹೊರಗೆ ಬಂದರೆಂಬ ಸುದ್ದಿ ಭಾಲ್ಕಿಗೆ ಮುಟ್ಟಿತ್ತು. ಅಂದಿನಿಂದ ಉಸ್ತಾದರು ಊಟಕ್ಕೆ ಕೂತಲ್ಲಿಯೂ ಇಂಗ್ಲಿಷು ಗೊಣಗುತ್ತಿದ್ದರು.

"ಮಸ್ಟ್ ಅಂದ್ರ ತಹಶೀಲದಾರ ಹೇಳಿದಂಗ್ರಿ," ಎಂದು ಮನ್ಮಥಪ್ಪ ಬಿಡಿಸಿ ಹೇಳಿದ. "ಮಾಡ್ಲೇಬೇಕು. ಶುಡ್ ಅಂದ್ರ ನಮ್ಮ ಸೋದರಮಾವ ಹೇಳಿದಂಗ. ಮಾಡಿದ್ರ ಛಲೋ, ಬಿಟ್ರ ಮಾರಿ ಊದಿಸ್ಕೋತಾನ."

"ಈ ಬಿಹೋವ್ಸ್?"

"ಇಟ್ ಬಿಹೋವ್ಸ್ ಮೀ. ನನಗ ತಕ್ಕದ್ದು, ಅದಕ್ಕ ಮಾಡಬೇಕು. ದೊಡ್ಡ ಮಂದಿ ಬರವಣಿಗ್ಯಾಗ ಬರ್ತದ್ರಿ. ಸಾಹೇಬ್ರ ಮುಂದ ಅದೆಲ್ಲಾ ಬ್ಯಾಡ, ಮಸ್ಟ್ ಸಾಕು."

ಉಸ್ತಾದರಿಗೆ ಮಸ್ಟ್ ಸಾಕಾಗಲಿಲ್ಲ. ಜೀವಮಾನವೆಲ್ಲ ಫಾರಸಿ ಕಲಿಸಿದವರು ಅವರು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಅಂದವಾದ ಮಾತನ್ನೇ ಆರಿಸಿಕೊಳ್ಳುವ ಚಟ. "ಯಾರು ಹೇಳ್ತಾರ ತಕ್ಕದ್ದು ಅಂತ? ತಹಶೀಲದಾರ ಅಲ್ಲ, ನಿನ್ನ ಸೋದರಮಾವ ಅಲ್ಲ. ಮತ್ತ ಆ ಇಟ್ ಯಾರು?"

ಮನ್ಮಥಪ್ಪ ಪುಸ್ತಕ ಮುಚ್ಚಿದ. ಎದುರುಮನೆಯ ಬಾಗಿಲನ್ನು ನೋಡಿದ. ಅದು ಅವನದೇ ಮನೆ. ಹೊಸ್ತಿಲ ಒಳಗೆ ಅವನ ತಾಯಿ ಈರಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಅವತ್ತು ನಮ್ಮವ್ವ ನಿಮ್ಮಿಬ್ಬರನ್ನ ಕಾಳಿನ ಕ್ವಾಣ್ಯಾಗ ಕೂಡ್ಸಿ, ತಾ ಬಾಗಲದಾಗ ಕುಂತಳಲ್ರಿ. ಆಕಿಗೆ ಯಾರು ಹೇಳಿದ್ರು?"

ಉಸ್ತಾದರೂ ಅತ್ತ ತಿರುಗಿ ನೋಡಿದರು.

"ಅವನೇ ನೋಡ್ರಿ ಇಟ್," ಎಂದ ಮನ್ಮಥಪ್ಪ.

ಅವತ್ತು ಎಂದರೆ ಪೊಲೀಸ್ ಆ್ಯಕ್ಷನ್ ಆದ ಹೊಸತರಲ್ಲಿ, ನಿಜಾಮರ ಪರ ನಿಂತು ಊರು ಸುಲಿದ ರಜಾಕಾರರ ಮೇಲಿನ ಸಿಟ್ಟನ್ನು ಜನ ಕೈಗೆ ಸಿಕ್ಕವರ ಮೇಲೆಲ್ಲ ತೀರಿಸಿಕೊಂಡ ದಿನಗಳು. ಎಲ್ಲೆಲ್ಲಿಂದಲೋ ಬಂದವರು ಓಣಿಗೆ ನುಗ್ಗಿದಾಗ ಉಸ್ತಾದರೂ ಅವರ ಹೆಂಡತಿ ಮುನವ್ವರ ಬೇಗಮೂ ಈರಮ್ಮನ ಮನೆಯ ಜೋಳದ ಚೀಲಗಳ ಹಿಂದೆ ಕೂತಿದ್ದರು. ಒಳಗೆ ಯಾರಿದ್ದಾರೆ ಎಂದು ಕೇಳಿದವರಿಗೆ ಈರಮ್ಮ, "ಸೊಸಿ ಬಾಣಂತಿ ಅದಾಳ, ಗಂಡಸರು ಇಣುಕಬ್ಯಾಡ್ರಿ" ಎಂದಿದ್ದಳು. ಮನ್ಮಥಪ್ಪನಿಗೆ ಆಗಿನ್ನೂ ಮದುವೆಯೇ ಆಗಿರಲಿಲ್ಲ. ಮುಂದೆ ಅವನಿಗೆ ಹೆಣ್ಣು ನೋಡಲು ಹೋದಾಗ ಈ ಬಾಣಂತಿಯ ಸುದ್ದಿ ಅಡ್ಡ ಬಂದು, ಎರಡು ಸಂಬಂಧ ಮುರಿದವು. ಈರಮ್ಮ ಅದನ್ನು ನೆನೆಸಿಕೊಂಡು ಈಗಲೂ ನಗುತ್ತಿದ್ದಳು.

ಜೀವ ಉಳಿಯಿತು, ಮನೆಯ ಸಾಮಾನು ಉಳಿಯಲಿಲ್ಲ. ಹೋಗಿದ್ದಕ್ಕೆ ಮುನವ್ವರ ಬೇಗಂ ಅಳಲಿಲ್ಲ. ಹೊರಗಿನವರು ಬಂದಿದ್ದರು, ಹೊತ್ತುಕೊಂಡು ಹೋದರು ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡಳು. ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಅದೇ ಓಣಿಯಲ್ಲಿ ನಡೆದು ಬರುವಾಗ ಒಂದು ಮನೆಯ ಬಾಗಿಲು ತೆರೆದಿತ್ತು. ಒಳಗೆ ಬಚ್ಚಲ ಒಲೆಯ ಮೇಲೆ ಅವಳ ತಾಮ್ರದ ಹಂಡೆ ಕೂತಿತ್ತು. ಮದುವೆಯಲ್ಲಿ ಅವಳ ತಂದೆ ಕೊಟ್ಟದ್ದು. ಹೊಟ್ಟೆಯ ಮೇಲೆ ಉರ್ದು ಅಕ್ಷರದಲ್ಲಿ 'ಮುನವ್ವರ' ಎಂದು ಕೆತ್ತಿಸಿದ್ದರು. ಬಂದವರಿಗೆಲ್ಲ ಕಾಣಲಿ ಎಂದು ಅವಳು ಅದನ್ನು ಯಾವಾಗಲೂ ಹೆಸರು ಮುಂದೆ ಮಾಡಿ ಇಡುತ್ತಿದ್ದಳು. ಆ ಮನೆಯವರೂ ಹೆಸರು ಬಾಗಿಲಿನ ಕಡೆಗೇ ಮಾಡಿ ಇಟ್ಟಿದ್ದರು. ಕೆಳಗೆ ಬೆಂಕಿ ಉರಿಯುತ್ತಿತ್ತು.

ಅವಳು ಮನೆಗೆ ಬಂದು ಟ್ರಂಕು ತುಂಬಿದಳು. "ನನ್ನ ಹಂಡ್ಯಾಗ ಮತ್ತೊಬ್ಬರು ನೀರು ಕಾಸೂ ಓಣ್ಯಾಗ ನಾ ಇರಲ್ಲ. ಭಾಲ್ಕಿ ಮಣ್ಣು ಇನ್ನ ತುಳಿಯಲ್ಲ" ಎಂದಳು. ಯಾರ ಮನೆ ಎಂದು ಗಂಡ ಕೇಳಿದಾಗ, ಈರಮ್ಮ ಕೇಳಿದಾಗ, ಬಾಯಿ ಬಿಡಲಿಲ್ಲ. ಹೇಳಿದರೆ ಮರುದಿನದಿಂದ ಅವರ ಮುಖ ಇವರು ನೋಡಲಾಗದು, ಇವರ ಮುಖ ಅವರು ನೋಡಲಾಗದು ಎಂದು ಅವಳಿಗೆ ಗೊತ್ತಿತ್ತು. ಬೀದರಿನ ಅಂಚಿನ ನೌಬಾದದಲ್ಲಿ ಮಗಳು ಕುಬರಾ ಇದ್ದಳು, ಅಳಿಯ ಟಾಂಗಾ ಹೊಡೆಯುತ್ತಿದ್ದ. ಅಲ್ಲಿಗೆ ಹೋದವಳು ತಿರುಗಿ ಬಂದಿರಲಿಲ್ಲ.

ಉಸ್ತಾದರು ಹೋಗಲಿಲ್ಲ. ಶಾಲೆ ಇತ್ತು, ಕಟ್ಟೆ ಇತ್ತು, ಅಪ್ಪ ಅಮ್ಮನ ಗೋರಿಗಳಿದ್ದವು. ಈದಿಗೆ ನೌಬಾದಕ್ಕೆ ಹೋಗಿ ಅತಿಥಿಯಂತೆ ಕೂತು ಶೀರ್‌ಕುರ್ಮಾ ಕುಡಿದು ಬರುತ್ತಿದ್ದರು. ಹಿತ್ತಲ ಬಚ್ಚಲಲ್ಲಿ ಒಲೆಯ ಮೂರು ಕಲ್ಲು ಬರಿದಾಗಿ ಕೂತಿದ್ದವು. ಚಳಿಗಾಲದಲ್ಲಿ ಈರಮ್ಮನೇ ಬಕೀಟಿನಲ್ಲಿ ಬಿಸಿನೀರು ಕಳಿಸುತ್ತಿದ್ದಳು. ಈಗ ಸಾಹೇಬರ ಪರೀಕ್ಷೆ ಬಂತು. ಫೇಲಾದರೆ ನೌಕರಿ ಬಿಟ್ಟು, ಭಾಲ್ಕಿ ಬಿಟ್ಟು, ಅಳಿಯನ ಮನೆಯ ಅಂಗಳದಲ್ಲಿ ಕೂಡಬೇಕು. ಪಾಸಾದರೆ ಭಾಲ್ಕಿ ಉಳಿಯುತ್ತದೆ, ಮುನವ್ವರ ಇಲ್ಲದ ಭಾಲ್ಕಿ. ಯಾವುದಕ್ಕಾಗಿ ಇಷ್ಟು ಓದುತ್ತಿದ್ದೇನೆ ಎಂದು ಉಸ್ತಾದರಿಗೇ ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ.

ಸಾಹೇಬರು ಬಂದ ದಿನ ಶಾಲೆಯ ಗೋಡೆಗಳಿಗೆ ಹೊಸ ಸುಣ್ಣದ ವಾಸನೆ ಇತ್ತು. ಅವರ ಜೊತೆ ಬೀದರಿನಿಂದ ಬಂದ ಜವಾನ ಹಣಮಂತಪ್ಪ ಬಾಗಿಲು ಮುಚ್ಚಿ ಹೊರಗೆ ಸ್ಟೂಲಿನ ಮೇಲೆ ಕೂತ. ಒಳಗೆ ಸಾಹೇಬರು, ಉಸ್ತಾದರು, ಪಕ್ಕದಲ್ಲಿ ದುಭಾಷಿಯಾಗಿ ಮನ್ಮಥಪ್ಪ.

ಸಾಹೇಬರು ಕೆಟ್ಟವರೇನಲ್ಲ, ದಣಿದವರು. ಕಡತದಲ್ಲಿ ವಯಸ್ಸು ನೋಡಿ, ಇಷ್ಟು ವರ್ಷ ದುಡಿದಿದ್ದೀರಿ, ಇನ್ನು ಆರಾಮಾಗಿ ಮಕ್ಕಳ ಹತ್ತಿರ ಇರಬಾರದೇ, ಭಾಲ್ಕಿಯಲ್ಲಿಯೇ ಯಾಕೆ ಇರಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮನ್ಮಥಪ್ಪ ಅದನ್ನು ಉಸ್ತಾದರಿಗೆ ಹೇಳಲು ಬಾಯಿ ತೆಗೆದ. ಉಸ್ತಾದರು ಕೈ ಅಡ್ಡ ಹಿಡಿದು ಎದ್ದು ನಿಂತರು. ಶೇರ್ವಾನಿಯ ಗುಂಡಿ ಸರಿ ಮಾಡಿಕೊಂಡರು.

"ಸರ್," ಎಂದರು. "ಇಟ್ ಬಿಹೋವ್ಸ್ ಕುತುಬೋದ್ದೀನ ಟು ರಿಮೇನ್ ಇನ್ ಭಾಲ್ಕಿ."

ಸಾಹೇಬರು ಪೆನ್ನು ಕೆಳಗಿಟ್ಟರು. ಕಾಲೇಜು ಬಿಟ್ಟ ಮೇಲೆ ಆ ಮಾತನ್ನು ಯಾರ ಬಾಯಲ್ಲೂ ಅವರು ಕೇಳಿರಲಿಲ್ಲ. ಈ ಭಾಲ್ಕಿಯಲ್ಲಿ, ಕೆಂಪು ಗಡ್ಡದ ಮುದುಕನೊಬ್ಬ ಎದೆ ಸೆಟೆಸಿ ಅದನ್ನು ಹೇಳಿದ್ದ. ಅವರು ಮೇಜನ್ನು ಧಪ್ಪನೆ ಗುದ್ದಿ, "ಇಟ್ ಬಿಹೋವ್ಸ್ ಕುತುಬೋದ್ದೀನ!" ಎಂದು ದೊಡ್ಡ ದನಿಯಲ್ಲಿ ತಾವೂ ಹೇಳಿದರು. ಮತ್ತೊಮ್ಮೆ ಹೇಳಿದರು. ನಗು ನೆತ್ತಿಗೇರಿ ಕೆಮ್ಮು ಬಂತು, ಕುರ್ಚಿ ಹಿಂದಕ್ಕೆ ಉರುಳಿತು. ಮನ್ಮಥಪ್ಪ ಗಾಬರಿಯಾಗಿ ಬಾಗಿಲು ಒಂಚೂರು ತೆರೆದು, "ನೀರು, ಲಗೂನ ನೀರು" ಎಂದು ಹಣಮಂತಪ್ಪನ ಕೈಯಿಂದ ತಂಬಿಗೆ ಇಸಿದುಕೊಂಡು ಮತ್ತೆ ಬಾಗಿಲು ಮುಚ್ಚಿದ.

ಕೆಮ್ಮು ನಿಂತ ಮೇಲೆ ಸಾಹೇಬರು ಕಣ್ಣೊರೆಸಿಕೊಂಡು, ಹಾಗಂತ ಯಾರು ಹೇಳುತ್ತಾರೆ ಎಂದು ಕೇಳಿದರು.

"ಇಟ್ ಹ್ಯಾಸ್ ನೋ ನೇಮ್, ಸರ್," ಎಂದರು ಉಸ್ತಾದರು.

ಈ ಸಲ ಸಾಹೇಬರು ನಗಲಿಲ್ಲ. ಪೆನ್ನು ಎತ್ತಿಕೊಂಡು, ಒಂದು ವರ್ಷದೊಳಗೆ ಕನ್ನಡ ಬರೆಯಲು ಕಲಿಯಬೇಕೆಂಬ ಷರತ್ತು ಹಾಕಿ ಸಹಿ ಮಾಡಿದರು.

ಬಾಗಿಲ ಹೊರಗಿದ್ದ ಹಣಮಂತಪ್ಪನ ಕಿವಿಗೆ ಬಿದ್ದ ಕಥೆ ಬೇರೆ. ಅವನು ಹುಟ್ಟಿ ಬೆಳೆದದ್ದು ಬೀದರಿನಲ್ಲಿ. ಬೇಹೋಶ್ ಎಂದರೆ ಎಚ್ಚರ ತಪ್ಪಿದ್ದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಳಗೆ ಸಾಹೇಬರು "ಬೇಹೋಶ್ ಕುತುಬೋದ್ದೀನ" ಎಂದು ಎರಡೆರಡು ಸಲ ಕೂಗಿದ್ದಾರೆ. ಏನೋ ಧಪ್ಪೆಂದು ಬಿದ್ದಿದೆ. ನೀರು ಬೇಡಿದ್ದಾರೆ. ಇನ್ನೇನು ಬೇಕು? ಅಷ್ಟರಲ್ಲಿ ಗಾಡಿಯ ಹೊತ್ತಾಯಿತೆಂದು ಸಾಹೇಬರ ಹಾಸಿಗೆ ಸುರುಳಿ ಹೊತ್ತು ಅವನು ಸ್ಟೇಷನ್ನಿಗೆ ಓಡಬೇಕಾಯಿತು. ಹಿಂದಿನಿಂದ ಸ್ಟೇಷನ್ನಿಗೆ ಬಂದ ಸಾಹೇಬರು ಇನ್ನೂ ಕರ್ಚೀಫಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸಾಹೇಬರೇ ಅಳುತ್ತಿದ್ದಾರೆ ಎಂದರೆ ಉಸ್ತಾದರದು ಮುಗಿದ ಮಾತೇ ಎಂದು ಹಣಮಂತಪ್ಪ ತೀರ್ಮಾನಿಸಿದ.

ಅವನು ಅದನ್ನು ಭಾಲ್ಕಿ ಸ್ಟೇಷನ್ನಿನ ಚಹಾದವನಿಗೆ ಹೇಳಿದ. ಬೀದರಿನಲ್ಲಿ ಇಳಿದ ಕೂಡಲೇ, ಸವಾರಿಗಾಗಿ ಕಾದಿದ್ದ ಕುಬರಾಳ ಗಂಡನಿಗೆ ಹೇಳಿದ. "ನಿಮ್ಮ ಮಾವ ಸಾಹೇಬ್ರ ಮುಂದೇ ಬೇಹೋಶ್ ಆಗ್ಯಾರ ನೋಡ್ರಿ. ನೀರು ಹೊಡದ್ರೂ ಏಳವಲ್ರು." ನೀರಿನ ಮಾತು ಅವನು ಸೇರಿಸಿದ್ದು. ಸುಳ್ಳು ಹೇಳುವ ಮನುಷ್ಯನಲ್ಲ ಹಣಮಂತಪ್ಪ, ಆದರೆ ತಂಬಿಗೆ ಕೊಟ್ಟವನು ತಾನೇ ಆದ್ದರಿಂದ ಅಷ್ಟು ಹಕ್ಕು ತನಗಿದೆ ಎಂದುಕೊಂಡ.

ಆ ಹೊತ್ತಿನಲ್ಲಿ ಎಚ್ಚರ ತಪ್ಪಿದ ಉಸ್ತಾದರು ಊರ ಹೊರಗೆ ಮನ್ಮಥಪ್ಪನ ಹೊಲದಲ್ಲಿ ಸೀತನಿ ತಿನ್ನುತ್ತಿದ್ದರು. ಎಳೆಯ ಜೋಳದ ತೆನೆಯನ್ನು ಸಗಣಿಯ ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಕೈಯಲ್ಲಿ ತಿಕ್ಕಿ ತಿನ್ನುವ ಕಾಲ ಅದು. ಪಾಸಾದ ಖುಷಿಗೆ ಮನ್ಮಥಪ್ಪ ಶಾಲೆಯಿಂದ ನೇರ ಅಲ್ಲಿಗೇ ಕರೆತಂದಿದ್ದ.

ಉಸ್ತಾದರು ಬೊಗಸೆಯಲ್ಲಿದ್ದ ಕಾಳನ್ನು ಊದಿ ಊದಿ, ತಿನ್ನದೆ ಹಾಗೇ ಹಿಡಿದು ಕೂತರು.

"ತಿನ್ರಿ ಉಸ್ತಾದ್, ಆರಿದ್ರ ಮಜಾ ಇರಲ್ಲ."

"ಪಾಸಾದ್ನಲ್ಲ ಮನ್ಮಥ," ಎಂದರು. "ಮನಿಗೆ ಹೋಗಿ ಯಾರಿಗೆ ಹೇಳ್ಲಿ?"

ಮನ್ಮಥಪ್ಪ ಇನ್ನೊಂದು ತೆನೆಯನ್ನು ಬೆಂಕಿಗೆ ಹಾಕಿದ. ಉಸ್ತಾದರನ್ನು ತಾನು ಎಷ್ಟು ಪ್ರೀತಿಸುತ್ತೇನೆ ಎಂಬುದು ಅವನಿಗೆ ಆ ಹೊಲದಲ್ಲಿ, ಹೊಗೆ ಕಣ್ಣಿಗೆ ಹೋಗುವಾಗ ತಿಳಿಯಿತು. ಹೇಳಿದರೆ ಬೆತ್ತ ಹುಡುಕಿಯಾರೆಂದು ಸುಮ್ಮನಿದ್ದ.

ಹೊತ್ತು ಮುಳುಗುವಾಗ ಇಬ್ಬರೂ ಓಣಿಗೆ ಬಂದರೆ ಉಸ್ತಾದರ ಕಟ್ಟೆಯ ಮುಂದೆ ಜನ ಸೇರಿದ್ದರು. ಮಧ್ಯಾಹ್ನದಿಂದ ಬಂದು ಬೀಗ ನೋಡಿ, ಬೀದರಿನ ದವಾಖಾನೆಗೆ ಒಯ್ದಿರಬೇಕೆಂದು ಮರುಗಿ ಹೋದವರೆಷ್ಟೋ. ಕಿರಾಣಿಯ ಹಾವಗೆಪ್ಪ ಅಂಗಡಿ ಮುಚ್ಚಿ ಬಂದಿದ್ದ. ಉಸ್ತಾದರಿಂದ ಹೊಡೆತ ತಿಂದು ದೊಡ್ಡವರಾದವರೆಲ್ಲ ಸಾಲಾಗಿ ನಿಂತಿದ್ದರು. ತುಟಿಗೆ ಸೀತನಿಯ ಮಸಿ ಮೆತ್ತಿಕೊಂಡು ನಡೆದು ಬಂದ ಉಸ್ತಾದರನ್ನು ಕಂಡು ಸಾಲೆಲ್ಲ ಒಂದು ಹೆಜ್ಜೆ ಹಿಂದೆ ಸರಿಯಿತು.

"ನೀವು ಬೇಹೋಶ್ ಆಗೀರಂತಲ್ರಿ," ಎಂದ ಹಾವಗೆಪ್ಪ, ಸ್ವಲ್ಪ ಆಕ್ಷೇಪಣೆಯ ದನಿಯಲ್ಲಿ.

ಗಂಟು ಬಿಡಿಸಲು ಬಹಳ ಹೊತ್ತು ಹಿಡಿಯಲಿಲ್ಲ. ಬಿಹೋವ್ಸ್, ಬೇಹೋಶ್ ಎಂದು ಮನ್ಮಥಪ್ಪ ಎರಡು ಸಲ ಹೇಳಿ ತೋರಿಸಿದ ಮೇಲೆ ಓಣಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪೊಲೀಸ್ ಆ್ಯಕ್ಷನ್ ಆದ ಮೇಲೆ ಆ ಓಣಿ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಈ ಸುದ್ದಿ ನೌಬಾದಕ್ಕೂ ಹೋಗಿದೆ ಎಂದು ಮಾತ್ರ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಫಜರಿನ ನಮಾಜು ಮುಗಿಸಿ ಉಸ್ತಾದರು ಹಿತ್ತಲಿಗೆ ಹೋದರು. ಬೆಳಕು ಆಗಷ್ಟೇ ಹರಿಯುತ್ತಿತ್ತು. ಮನೆಯ ಮಗ್ಗುಲಿಗೆ ಓಣಿಗೇ ತೆರೆಯುವ ಹಿತ್ತಲ ಬಾಗಿಲಿನ, ಹೊರಗಿನಿಂದಲೂ ಕೈಗೆಟುಕುವ ಅಗಳಿ ತೆಗೆದಿತ್ತು. ಬಚ್ಚಲಿನ ಮೂರು ಕಲ್ಲುಗಳ ಮೇಲೆ ತಾಮ್ರದ ಹಂಡೆ ಕೂತಿತ್ತು.

ಅವರು ಹತ್ತಿರ ಹೋಗಲಿಲ್ಲ, ಮುಟ್ಟಲಿಲ್ಲ. ದೂರದಿಂದಲೇ ಹೆಸರು ಓದಿದರು. ಮುನವ್ವರ. ನಿನ್ನೆ ಮನೆಗೆ ಬೀಗ ಬಿದ್ದಿದ್ದ ಹೊತ್ತಿನಲ್ಲಿ, ಉಸ್ತಾದರು ಇನ್ನು ಉಳಿಯಲಿಕ್ಕಿಲ್ಲ ಎಂದು ಓಣಿಯೆಲ್ಲ ಮಾತಾಡುತ್ತಿದ್ದ ಹೊತ್ತಿನಲ್ಲಿ ಯಾರೋ ತಂದಿಟ್ಟಿದ್ದರು. ಉಸ್ತಾದರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಬಿಸಿಲು ಬಂದ ಮೇಲೆ ಎದ್ದು ಶೇರ್ವಾನಿ ತೊಟ್ಟರು, ಟೋಪಿ ಹಾಕಿದರು. ಬೀದರಿನ ಗಾಡಿ ಹಿಡಿದು, ನೌಬಾದಕ್ಕೆ ಹೋಗಿ, ಹೆಂಡತಿಗೆ ಹೇಳಬೇಕು. ಏನೆಂದು ಹೇಳಬೇಕು ಎಂಬುದಷ್ಟೇ ಹೊಳೆಯದೆ, ಮುಂಬಾಗಿಲಿಗೆ ಬೀಗ ಹಾಕುತ್ತ ನಿಂತಿದ್ದಾಗ ಹಿಂದಿನಿಂದ ದನಿ ಕೇಳಿತು.

"ಬೇಹೋಶ್ ಆದವರು ಎಲ್ಲಿಗೆ ಹೊಂಟೀರಿ?"

ಓಣಿಯ ನಡುವೆ ಬುರ್ಖಾದ ಮುಸುಕು ಎತ್ತಿ ಮುನವ್ವರ ಬೇಗಂ ನಿಂತಿದ್ದಳು. ಪಕ್ಕದಲ್ಲಿ ಕುಬರಾ. ಇಬ್ಬರ ಕಣ್ಣೂ ಅತ್ತು ಊದಿದ್ದವು. ಮೊದಲ ಗಾಡಿಗೆ ಬಂದು, ಸ್ಟೇಷನ್ನಿನಿಂದ ಓಣಿಯವರೆಗೆ ಟಾಂಗಾಕ್ಕೂ ಕಾಯದೆ ನಡೆದಿದ್ದಳು. ತುಳಿಯುವುದಿಲ್ಲ ಎಂದ ಭಾಲ್ಕಿಯ ಮಣ್ಣು ಚಪ್ಪಲಿಯ ಮೇಲೆ, ಬುರ್ಖಾದ ಅಂಚಿನ ಮೇಲೆ ಕೂತಿತ್ತು.

ಉಸ್ತಾದರು ಬೀಗ ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಗಂಡ ಹೆಂಡತಿ ತಮ್ಮತಮ್ಮಲ್ಲಿ ಆಡುವುದು ದಖ್ಖನಿ ಉರ್ದು, ಆದರೆ ಅಷ್ಟರಲ್ಲಿ ಈರಮ್ಮನೂ ಮನ್ಮಥಪ್ಪನೂ ಎದುರುಮನೆಯಿಂದ ಬಂದು ಸೇರಿದ್ದರಿಂದ ಜಗಳ ಕನ್ನಡದಲ್ಲಿ ನಡೆಯಿತು.

"ಬೇಹೋಶ್ ಅಲ್ಲ. ಬಿಹೋವ್ಸ್. ಅದು ಇಂಗ್ಲೀಷ್ ಲಫ್ಜ್ ಅದ," ಎಂದರು ಉಸ್ತಾದರು.

"ಏನಂದ್ರ?"

"ತಕ್ಕದ್ದು ಅಂತ. ಸಾಹೇಬ್ರ ಮುಂದ ನಾನೇ ಅಂದೆ."

"ರಾತ್ರಿಯೆಲ್ಲ ನಾ ತಸ್ಬೀ ಮಣಿ ಎಣಿಸಕೋತ ಕುಂತೀನಿ. ನಿಮಗ ಇಂಗ್ಲೀಷ್ ತಕ್ಕದ್ದು ಆಗ್ಯಾದೇನು?" ಬದುಕಿದ್ದಾರಲ್ಲ ಎಂಬ ಅವಳ ಸಮಾಧಾನವೆಲ್ಲ ಸಿಟ್ಟಾಗಿ ಹೊರಗೆ ಬರುತ್ತಿತ್ತು. "ಕುಬರಾ, ನಡಿ. ಮಧ್ಯಾನದ ಗಾಡಿಗೆ ತಿರಗಿ ಹೋಗೋಣು. ಅಲ್ಲೀತನಾ ಸ್ಟೇಷನ್ನಾಗೇ ಕೂಡೋಣು."

ಉಸ್ತಾದರು ಹಿತ್ತಲಲ್ಲಿರುವುದನ್ನು ಹೇಳಲು ಹೋಗಲಿಲ್ಲ. ಹೇಳಿದರೆ ಹಂಡೆ ತೋರಿಸಿ ಹೆಂಡತಿಯನ್ನು ಕಟ್ಟಿಹಾಕಿದಂತಾದೀತು ಎಂದು ಅಳುಕಿದರು.

ಈರಮ್ಮ ಮುನವ್ವರಳ ತೋಳು ಹಿಡಿದುಕೊಂಡಳು. "ಹೋಗೀಯಂತ, ನಿನ್ನ ಯಾರು ಹಿಡ್ಕೊಂಡಾರ. ಧೂಳ ನೋಡು, ಕಾಲು ಹ್ಯಾಂಗ ಆಗ್ಯಾವ. ನಾಕು ತಂಬಗಿ ನೀರು ಹಾಕ್ಕೊಂಡು ಬಾ. ಬಿಸಿ ರೊಟ್ಟಿ ತರ್ತೇನಿ, ಉಂಡು ಹೋಗು."

"ಬ್ಯಾಡ ಈರಮ್ಮಕ್ಕ."

"ಕಾಲಿಗೆ ನೀರು ಹಾಕ್ಕೊಳ್ಳಾಕೂ ಮುನಿಸೇನು?"

ಮುನವ್ವರ ಬೇಗಂ ಬುರ್ಖಾ ತೆಗೆದು ಕುಬರಾಳ ಕೈಗೆ ಕೊಟ್ಟು, ಎಷ್ಟೋ ತಿಂಗಳ ಮೇಲೆ ಆ ಮನೆಯ ಹೊಸ್ತಿಲು ದಾಟಿದಳು. ನಡುಮನೆ ದಾಟಿ ಹಿತ್ತಲಿಗೆ ಹೋದ ಹೆಜ್ಜೆಯ ಸಪ್ಪಳ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ನೀರು ಸುರಿದ ಸದ್ದಿಲ್ಲ, ತಂಬಿಗೆ ಇಟ್ಟ ಸದ್ದಿಲ್ಲ.

ಎಲ್ಲರೂ ಒಬ್ಬರ ಹಿಂದೊಬ್ಬರು ಒಳಗೆ ಹೋದರು. ಅವಳು ಬಚ್ಚಲಿನ ಮುಂದೆ ನಿಂತಿದ್ದಳು. ಒಂದು ಕೈ ಹಂಡೆಯ ಕಂಠದ ಮೇಲಿತ್ತು.

"ಯಾರು ತಂದಿಟ್ರು?" ಎಂದು ಕೇಳಿದಳು.

"ನಾ ನೋಡಿಲ್ಲ ಯವ್ವಾ," ಎಂದಳು ಈರಮ್ಮ. "ನಿನ್ನಿ ನಾ ಒಳಗ ರೊಟ್ಟಿ ಬಡೀತಿದ್ದೆ." ಈರಮ್ಮನ ಮನೆಯ ಕಿಟಕಿ ಆ ಹಿತ್ತಲ ಬಾಗಿಲಿಗೆ ನೇರ ಎದುರು. ಓಣಿಯಲ್ಲಿ ಬೆಕ್ಕು ದಾಟಿದರೂ ಅವಳಿಗೆ ಗೊತ್ತಾಗುತ್ತಿತ್ತು. ಆದರೆ ಯಾರೂ ಅವಳನ್ನು ಎರಡನೆಯ ಸಲ ಕೇಳಲಿಲ್ಲ.

ಮುನವ್ವರ ಬೇಗಂ ಗಂಡನ ಕಡೆ ತಿರುಗಿದಳು. "ನೀವು ಹೋಗಿ ಬೇಡಿ ತಂದ್ರಿ?"

"ಯಾರ ಮನ್ಯಾಗ ಇತ್ತು ಅಂತ ನನಗ ಎಲ್ಲಿ ಹೇಳೀದಿ ನೀನು?"

"ಮತ್ತ ಯಾರು?"

ಉಸ್ತಾದರು ಗಡ್ಡದ ಮೇಲೆ ಕೈಯಾಡಿಸಿಕೊಂಡರು. ಮನ್ಮಥಪ್ಪನನ್ನು ಒಮ್ಮೆ ನೋಡಿದರು.

"ಇಟ್," ಎಂದರು.

"ಇಟ್ ಅಂದ್ರ ಯಾರು?"

"ಯಾರೂ ಅಲ್ಲ. ಅವಗ ಹೆಸರಿಲ್ಲ."

ಮನ್ಮಥಪ್ಪ ಮುಖ ಆಚೆ ತಿರುಗಿಸಿಕೊಂಡು ಪೇರಲ ಗಿಡವನ್ನು ನೋಡುತ್ತ ನಿಂತ. ಮುನವ್ವರ ಬೇಗಂ ಗಂಡನ ಮುಖ ನೋಡಿದಳು, ಈರಮ್ಮನ ಮುಖ ನೋಡಿದಳು. ಆ ಮನೆ ಯಾವುದೆಂದು ಅಲ್ಲಿದ್ದವರಲ್ಲಿ ಬಾಯಿ ಬಿಟ್ಟು ಹೇಳಬಲ್ಲವಳು ಅವಳೇ. ತುಟಿ ಅಲುಗಿತು. ಹೇಳಲಿಲ್ಲ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ತಳಾ ನೋಡ್ರಿ, ಹ್ಯಾಂಗ ಕರ್ರಗ ಮಾಡ್ಯಾರ," ಎಂದಳು. "ಕುಬರಾ, ಹುಣಸಿಹಣ್ಣು ಅದೇನು ನೋಡು ಅಡಗಿಮನ್ಯಾಗ. ಬೂದಿ ತಗೊಂಡು ಬಾ."

ಅಡಿಗೆಮನೆಯಲ್ಲಿ ಹುಣಸೆಹಣ್ಣು ಇರಲಿಲ್ಲ. ಒಂಟಿ ಗಂಡಸಿನ ಅಡಿಗೆಮನೆಯಲ್ಲಿ ಉಪ್ಪು ಇದ್ದದ್ದೇ ದೊಡ್ಡದು. ಈರಮ್ಮ ತನ್ನ ಮನೆಯಿಂದ ತಂದುಕೊಟ್ಟಳು. ಉಸ್ತಾದರು ಶೇರ್ವಾನಿ ಕಳಚಿಟ್ಟು, ಟೋಪಿ ಹಾಕಿಕೊಂಡೇ ಬಾವಿಯಿಂದ ನೀರು ಸೇದಿದರು. ಕೊಡ ತುಂಬ ಭಾರವೆಂದು ಮನ್ಮಥಪ್ಪ ಕೈ ಹಾಕಲು ಹೋದರೆ ಗದರಿದರು. ಮುನವ್ವರ ಬೇಗಂ ಹುಳಿ, ಬೂದಿ ಹಚ್ಚಿ ತಿಕ್ಕುತ್ತಲೇ ಇದ್ದಳು. ಬೇರೆ ಒಲೆಯ ಮಸಿ ಬೆರಳಿಗೆ ಮೆತ್ತಿ, ನೀರಿನ ಜೊತೆ ಕರಗಿ ಮೋರಿಯ ಕಡೆ ಹರಿಯಿತು. ತಾಮ್ರದ ಬಣ್ಣ ಮೇಲೆದ್ದಿತು.

ಮಧ್ಯಾಹ್ನ ಹೊರಳಿತು. ಹಂಡೆಯನ್ನು ಕಲ್ಲುಗಳ ಮೇಲೆ ಕೂಡಿಸಿ, ನೀರು ತುಂಬಿ, ಅವಳೇ ಹತ್ತಿಕಟ್ಟಿಗೆ ಮುರಿದು ಒಲೆ ಹೊತ್ತಿಸಿದಳು. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಊದಿದಳು. ಸ್ಟೇಷನ್ನಿನ ಕಡೆಯಿಂದ ಬೀದರಿನ ಗಾಡಿಯ ಸೀಟಿ ಕೇಳಿತು. ಕುಬರಾ ತಾಯಿಯ ಮುಖ ನೋಡಿದಳು. ತಾಯಿ ಒಲೆಯ ಕಡೆಗೇ ನೋಡುತ್ತಿದ್ದಳು.

ಹೊಗೆ ಹೋಗಲಿ ಎಂದು ಉಸ್ತಾದರು ಹಿತ್ತಲ ಬಾಗಿಲನ್ನು ತೆರೆದಿಟ್ಟರು. ಓಣಿಯಲ್ಲಿ ಹೋಗಿ ಬರುವವರಿಗೆಲ್ಲ, ಹಂಡೆ ತಂದಿಟ್ಟವರಿಗೂ, ಬಚ್ಚಲು ನೇರ ಕಾಣುತ್ತಿತ್ತು. ಮುನವ್ವರ ಬೇಗಂ ಬಾಗಿಲನ್ನು ನೋಡಿದಳು, ಹಂಡೆಯನ್ನು ನೋಡಿದಳು. ಹುಳಿಯಲ್ಲಿ ತೊಳೆದ ಮೇಲೆ ಹೆಸರು ಹೊಳೆಯುತ್ತಿತ್ತು. ಸೆರಗನ್ನು ಎರಡೂ ಕೈಗೆ ಸುತ್ತಿಕೊಂಡು ಕಂಠವನ್ನು ಹಿಡಿದಳು. ನೀರು ಚೆಲ್ಲದ ಹಾಗೆ, ಮೆಲ್ಲಗೆ, ಹೆಸರು ಗೋಡೆಯ ಕಡೆ ಹೋಗುವವರೆಗೆ ಹಂಡೆಯನ್ನು ತಿರುಗಿಸಿ ಇಟ್ಟಳು.